ಒಲೆಯಿಲ್ಲದ ಹೊಗೆಗೂಡು

ಉಪಯೋಗ ಮುಗಿದ ವಸ್ತುವನ್ನು ದುಡ್ಡು ಸುರಿದು ಉಳಿಸಿಕೊಳ್ಳುವುದು ಧರ್ಮವೋ, ಬರೀ ಮೋಹವೋ? ಈ ಪ್ರಶ್ನೆ ಹಾಕಿದವನು ನನ್ನ ಮಗ. ಬೆಂಗಳೂರಿನ ಶಂಕರಪುರದ ನಮ್ಮ ಮನೆಯ ಅಡುಗೆಮನೆ ಮೇಲೆ ಇಟ್ಟಿಗೆಯ ಹೊಗೆಗೂಡೊಂದಿದೆ. ಸೌದೆ ಒಲೆ ಹೋಗಿ ಗ್ಯಾಸು ಬಂದು ಎಷ್ಟೋ ಕಾಲವಾಯಿತು. ಆದರೂ ಮಳೆ ಹಿಡಿಯಿತೆಂದರೆ ಹಳೆಯ ಮಸಿ ಕರಗಿ ಗೂಡಿನೊಳಗಿಂದ ಇಳಿದು ಗೋಡೆಯ ಮೇಲೆ ಕಂದು ಗೆರೆ ಎಳೆಯುತ್ತಿತ್ತು. “ಕೆಡವಿಸಿ ಮೇಲೊಂದು ಸ್ಲ್ಯಾಬ್ ಹಾಕಿಸಿಬಿಡಮ್ಮ. ಹೊಗೆಯೇ ಇಲ್ಲದ ಮೇಲೆ ಹೊಗೆಗೂಡು ಯಾಕೆ? ಇದು ಮೋಹ ಅಲ್ಲವಾ?” ಎಂದ. ಡಿ.ವಿ.ಜಿ.ಯವರ ‘ಜೀವನಧರ್ಮಯೋಗ’ವನ್ನು ಕೂತು ಓದಿದ ಹುಡುಗ, ಮೋಹ ಎಂಬ ಮಾತನ್ನು ಅವನು ಬಾಯಿಗೆ ಬಂದಂತೆ ಆಡುವುದಿಲ್ಲ. ನಾನೂ ಯೋಚಿಸಿಯೇ ಉತ್ತರ ಹೇಳಬೇಕಿತ್ತು.

ಸಂಸ್ಕೃತ ಪಾಠ ಹೇಳಿ ನಿವೃತ್ತಳಾದ ನನಗೆ ಹೊಗೆ ಎಂದೊಡನೆ ನೆನಪಾಗುವುದು ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯ. ಪಾಂಚಾಲದ ರಾಜ ಪ್ರವಾಹಣ ಜೈವಲಿ ಶ್ವೇತಕೇತುವನ್ನು ಐದು ಪ್ರಶ್ನೆ ಕೇಳುತ್ತಾನೆ. ಓದು ಮುಗಿಸಿ ಬಂದ ಆ ಹುಡುಗನಿಗೆ ಒಂದಕ್ಕೂ ಉತ್ತರ ತಿಳಿಯದು. ಸತ್ತವರು ಹೋಗುತ್ತಲೇ ಇದ್ದರೂ ಆ ಲೋಕ ಯಾಕೆ ತುಂಬುವುದಿಲ್ಲ ಎಂಬುದು ಅವುಗಳಲ್ಲೊಂದು. ಕೊನೆಗೆ ರಾಜನೇ ಹುಡುಗನ ತಂದೆಗೆ ವಿವರಿಸುತ್ತಾನೆ. ಕಾಡಿನಲ್ಲಿ ಶ್ರದ್ಧೆ, ತಪಸ್ಸುಗಳಲ್ಲಿ ನಿಂತವರು ಬೆಳಕಿನ ದಾರಿ ಹಿಡಿದು ಹೋಗುತ್ತಾರೆ, ಮರಳುವುದಿಲ್ಲ. ಊರಿನಲ್ಲಿದ್ದು ಇಷ್ಟಾಪೂರ್ತ, ದಾನ ಎಂದು ಬದುಕಿದವರು ಹೊಗೆಯ ದಾರಿಯಲ್ಲಿ ಚಂದ್ರನವರೆಗೆ ಹೋಗಿ, ತಿರುಗಿ ಆಕಾಶವಾಗಿ, ಗಾಳಿಯಾಗಿ, ಹೊಗೆಯಾಗಿ, ಮೋಡವಾಗಿ, ಮಳೆಯಲ್ಲಿ ಇಳಿದು ಭತ್ತ, ಎಳ್ಳು, ಉದ್ದುಗಳಾಗಿ ಹುಟ್ಟುತ್ತಾರೆ. ಇಷ್ಟವೆಂದರೆ ಅಗ್ನಿಹೋತ್ರ ಮೊದಲಾದ ಕರ್ಮ. ಪೂರ್ತವೆಂದರೆ ಬಾವಿ, ಕೆರೆ, ತೋಪು ಮಾಡಿಸುವುದು ಎಂದು ಶಂಕರರು ಭಾಷ್ಯದಲ್ಲಿ ಬಿಡಿಸಿ ಹೇಳಿದ್ದಾರೆ. ಪಾಳುಬಿದ್ದ ಬಾವಿ, ಕೆರೆ, ದೇವಸ್ಥಾನಗಳನ್ನು ಎತ್ತಿ ನಿಲ್ಲಿಸಿದವನಿಗೂ ಪೂರ್ತದ ಫಲವೇ ಎಂದು ಸ್ಮೃತಿಗಳು ಸೇರಿಸುತ್ತವೆ. ಅಂದರೆ ರಿಪೇರಿ ಮಾಡಿಸುವವಳು ಹೊಗೆಯ ದಾರಿಯವಳು. ಮುಕ್ತಿಯ ಲೆಕ್ಕದಲ್ಲಿ ಅದು ಕೆಳಗಿನ ದಾರಿ, ಒಪ್ಪುತ್ತೇನೆ. ಆದರೆ ಊರು ನಿಂತಿರುವುದು ಆ ದಾರಿಯವರಿಂದಲೇ.

ಹೊಗೆಗೂಡು ಕೆರೆಯೂ ಅಲ್ಲ, ದೇವಸ್ಥಾನವೂ ಅಲ್ಲ ಎಂದು ಮಗ ಹೇಳಿಯಾನು. ನಿಜ. ಆದರೆ ನಮ್ಮತ್ತೆ ಆ ಒಲೆಯ ಮುಂದೆ ಕೂತದ್ದನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ಒಲೆ ಸಾರಿಸಿ ರಂಗೋಲಿ ಎಳೆಯದೆ ಬೆಂಕಿ ಹಾಕುತ್ತಿರಲಿಲ್ಲ. ಅನ್ನ ಬಸಿದ ಮೇಲೆ ತುಪ್ಪ ಸೋಕಿಸಿದ ನಾಲ್ಕು ಅಗುಳು ಮೊದಲು ಅಗ್ನಿಗೆ, ಆಮೇಲೆ ನೈವೇದ್ಯ, ಆಮೇಲೆ ನಮಗೆ. ಆ ಅಗುಳಿನ ಹೊಗೆ ಹೊರಗೆ ಹೋದದ್ದು ಈ ಗೂಡಿನಿಂದ. 1898ರ ಪ್ಲೇಗಿನ ನಂತರ ಜನ ಪೇಟೆಯ ಇಕ್ಕಟ್ಟು ಬಿಟ್ಟು ಗಾಳಿ ಬೆಳಕು ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಆಗ ಅಲ್ಲಿ ಕಟ್ಟಿದ ಮನೆಗಳಲ್ಲಿ ಹೊಗೆಗೂ ಒಂದು ಹಾದಿ ಬಿಡುತ್ತಿದ್ದರು.

ಮೊದಲು ನೋಡಲು ಬಂದ ಕಂಟ್ರಾಕ್ಟರು ಸುತ್ತಲೂ ಸಿಮೆಂಟ್ ಪ್ಲಾಸ್ಟರ್ ಮಾಡಿ, ನೆತ್ತಿ ಮುಚ್ಚಿ, ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿದರೆ “ಇನ್ನು ಈ ಜನ್ಮದಲ್ಲಿ ಇದರ ಕಡೆ ತಿರುಗಿ ನೋಡೋ ಹಾಗಿಲ್ಲ ಮೇಡಂ” ಎಂದರು. ಆ ಮಾತೇ ನನಗೆ ಹಿಡಿಸಲಿಲ್ಲ. ಆಮೇಲೆ ಚಾಮರಾಜಪೇಟೆಯಲ್ಲಿ ಹಳೆಯ ಗಾರೆ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಸಿಕ್ಕರು, ವಯಸ್ಸಾದವರು. ಗೂಡನ್ನು ಸುತ್ತು ಹಾಕಿ ನೋಡಿದರು. ಹಿಂದೆ ಯಾರೋ ಒಂದು ಮಗ್ಗುಲಿಗೆ ಸಿಮೆಂಟ್ ಮೆತ್ತಿದ್ದರು. ಅದನ್ನು ಉಳಿಯಿಂದ ಎಬ್ಬಿಸಿದಾಗ ಇಟ್ಟಿಗೆಯ ಮುಖವೂ ಹಪ್ಪಳದ ಹಾಗೆ ಸಿಮೆಂಟಿಗೆ ಅಂಟಿಕೊಂಡೇ ಬಂತು. “ನೋಡಿಯಮ್ಮಾ, ಹೊರಗಿನ ನೀರು ಹೇಗೋ ಒಳಗೆ ಹೋಗತ್ತೆ, ಒಳಗಿನ ತೇವಕ್ಕೆ ಮಾತ್ರ ಆಚೆ ಬರೋಕೆ ದಾರಿ ಇಲ್ಲ. ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆಯೋದು ಗಾರೆ ಸವೀಲಿ, ಇಟ್ಟಿಗೆ ಉಳೀಲಿ” ಎಂದರು.

ಕಡಲೆಕಾಯಿ ಪರಿಷೆ ಮುಗಿದು ಮಳೆ ಹಿಂದೆಗೆದ ಮೇಲೆ ಕೆಲಸ ಹಿಡಿದೆವು. ನೆತ್ತಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ ಸಸಿಯೊಂದು ಬೇರುಬಿಟ್ಟಿತ್ತು. ಕೂಲಿಯ ಹುಡುಗ ಮುಟ್ಟಲು ಹಿಂಜರಿದ. ಮೇಸ್ತ್ರಿ ಕೈಮುಗಿದು, ಬೇರಿನ ಜಾಡು ಹಿಡಿದು ಇಟ್ಟಿಗೆ ಬಿಚ್ಚುತ್ತಾ ಹೋಗಿ ಇಡಿಯಾಗಿ ತೆಗೆದರು. ಮೇಲೆ ಕತ್ತರಿಸಿ ಬೇರು ಬಿಟ್ಟರೆ ಅದು ಮತ್ತೆ ಚಿಗುರಿ ಗೂಡನ್ನೇ ಸೀಳುತ್ತದೆ. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಅಶ್ವತ್ಥವನ್ನು ಅಸಂಗವೆಂಬ ಆಯುಧದಿಂದ ಕಡಿಯಬೇಕೆಂದಿದೆ. ದ್ವೇಷವಿಲ್ಲದೆ ಕೀಳುವುದು ಹೇಗೆಂದು ಅವತ್ತು ಕಣ್ಣಾರೆ ಕಂಡೆ. ಸಸಿ ಈಗ ಕುಂಡದಲ್ಲಿದೆ, ಜಾಗ ನೋಡಿ ನೆಡಬೇಕು.

ಸಡಿಲವಾದ ಸಂದುಗಳನ್ನು ಒಂದು ಅಂಗುಲದಷ್ಟು ಕೆರೆದು, ಗುಡಿಸಿ, ನೀರು ಕುಡಿಸಿ, ಅರಳಿಸಿದ ಸುಣ್ಣಕ್ಕೆ ಮರಳು, ಸುರ್ಕಿ (ಇಟ್ಟಿಗೆಪುಡಿ) ಬೆರೆಸಿ ಒತ್ತಿ ತುಂಬಿದರು. ಅಳಲೆಕಾಯಿ, ಬೆಲ್ಲ ನೆನೆಹಾಕಿದ ನೀರನ್ನೇ ಗಾರೆ ಕಲಸಲು ಬಳಸಿದರು. ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡದಿರಲೆಂದು ಸುತ್ತ ಗೋಣಿಚೀಲ ಕಟ್ಟಿ ಒದ್ದೆ ಮಾಡುತ್ತಿದ್ದೆವು. ನೆತ್ತಿಯನ್ನು ಮುಚ್ಚಲಿಲ್ಲ. ನಾಲ್ಕು ಮೂಲೆಗೆ ಇಟ್ಟಿಗೆಯ ಗಿಡ್ಡ ಕಾಲು ಕೊಟ್ಟು, ಅದರ ಮೇಲೆ ಅಂಚು ಹೊರಚಾಚಿದ ಕಲ್ಲುಚಪ್ಪಡಿ ಕೂರಿಸಿದರು. ಚಪ್ಪಡಿಯ ಅಡಿಯಲ್ಲಿ ಅಂಚಿನುದ್ದಕ್ಕೂ ಒಂದು ಗೀರು ಹೊಡೆದಿದ್ದಾರೆ. ನೀರು ಒಳಕ್ಕೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಕೆಳಗೆ ಒಲೆಯಿದ್ದ ಕಡೆ ಜಾಲರಿ. ಬೆಂಕಿಯಿಲ್ಲದ ಗೂಡಿಗೆ ಗಾಳಿಯಾದರೂ ಓಡಾಡುತ್ತಿರಬೇಕು, ಇಲ್ಲದಿದ್ದರೆ ಒಳಗೇ ಬೆವರಿ ಕೊಳೆಯುತ್ತದೆ.

ಸುಣ್ಣದ ವಿಷಯ ನಿಂತು ಹೇಳಬೇಕಾದದ್ದು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಶಾಖಕ್ಕೆ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊಗೆಯ ಜೊತೆ ಹೊರಟುಹೋಗುತ್ತದೆ. ಶುದ್ಧವಾದ 100 ಕಿಲೋ ಕಲ್ಲಿಗೆ ಉಳಿಯುವುದು 56 ಕಿಲೋ ಸುಣ್ಣ. ನೀರು ಹಾಕಿದರೆ ಕುದಿದು ಅರಳುತ್ತದೆ. ಗಾರೆಯಾಗಿ ಗೋಡೆ ಸೇರಿದ ಮೇಲೆ, ಬಿಟ್ಟುಕೊಟ್ಟದ್ದನ್ನು ಗಾಳಿಯಿಂದ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ವಾಪಸು ಪಡೆದು ಮತ್ತೆ ಕಲ್ಲಾಗುತ್ತದೆ. ಹೊಗೆಯಲ್ಲಿ ಹೋದದ್ದು ತಿರುಗಿ ಬರುತ್ತದೆ ಎಂದು ಪ್ರವಾಹಣ ಹೇಳಿದ ಮಾತು ನನ್ನ ಅಡುಗೆಮನೆಯ ಮೇಲೆ ನಡೆಯುತ್ತಿದೆ ಎಂದೇ ನನಗೆ ಅನ್ನಿಸಿತು. ಶಾಸ್ತ್ರವನ್ನು ಎಳೆದು ತರುತ್ತಿದ್ದೇನೆ ಎಂದು ಪಂಡಿತರು ಆಕ್ಷೇಪಿಸಬಹುದು, ಆಕ್ಷೇಪಿಸಲಿ.

ಮಗನಿಗೆ ನಾನು ಕೊಟ್ಟ ಉತ್ತರ ಇಷ್ಟು. ಇನ್ನೆಂದೂ ಬದಲಾಗಬಾರದು, ಇನ್ನೆಂದೂ ಕೈ ಹಾಕುವಂತಿರಬಾರದು ಎಂದು ಬಯಸುವುದು ಮೋಹ. ಒಂದೇ ಸಲಕ್ಕೆ ಮುಚ್ಚಿ ಮರೆತುಬಿಡುವ ಆ ಸಿಮೆಂಟಿನಲ್ಲಿಯೇ ಮೋಹವಿತ್ತು. ಸವೆಯುತ್ತದೆ ಎಂದು ತಿಳಿದೇ, ಸವೆದಾಗ ಮತ್ತೆ ಮಾಡುತ್ತೇನೆ ಎಂದು ಒಪ್ಪಿ ಮಾಡುವ ಕೆಲಸ ಧರ್ಮ. ಆಗಮಗಳು ದೇವರ ಗುಡಿಗೂ ಜೀರ್ಣೋದ್ಧಾರದ ವಿಧಿ ಬರೆದಿಟ್ಟಿವೆ, ಕೆಲಸ ಮುಗಿಯುವವರೆಗೆ ದೇವರನ್ನು ಬಾಲಾಲಯದಲ್ಲಿ ಇಡುವ ಕ್ರಮ ಹೇಳಿವೆ. ದೇವಸ್ಥಾನವೇ ಹಳತಾಗುತ್ತದೆ ಎಂದು ಒಪ್ಪಿದವರು ನಮ್ಮ ಹಿರಿಯರು.

ಅವನು ಇನ್ನೊಂದು ಕೇಳಿದ: “ಪೂರ್ತ ಅಂದರೆ ಪರರಿಗಾಗಿ ಅಲ್ಲವಾ? ಇದರಿಂದ ಯಾರಿಗೆ ಏನು ಸಿಕ್ಕಿತು?” ಒಳ್ಳೆಯ ಪ್ರಶ್ನೆ. ಮೇಸ್ತ್ರಿಯ ಮೊಮ್ಮಗ ಅಪಾರ್ಟ್‌ಮೆಂಟ್ ಕೆಲಸಕ್ಕೆ ಹೋಗುವವನು, ಸಿಮೆಂಟ್ ಬಿಟ್ಟು ಬೇರೆ ಮುಟ್ಟಿದವನಲ್ಲ. ನಮ್ಮ ಮಾಳಿಗೆಯ ಮೇಲೆ ತಾತನ ಪಕ್ಕದಲ್ಲಿ ಕೂತು ಸುಣ್ಣದ ಹದ ನೋಡುವುದನ್ನು, ಸಂದು ತುಂಬುವುದನ್ನು ಕಲಿತ. ಪಾಳು ಬೀಳುತ್ತಿದ್ದದ್ದು ಆ ವಿದ್ಯೆ. ನಾನು ದುಡ್ಡು ಕೊಟ್ಟು ಎತ್ತಿಸಿದ್ದು ಅದನ್ನೂ ಹೌದು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹೊಗೆಗೂಡು ಇನ್ನೂ ನಿಂತಿರುವ ಮನೆಯವರಲ್ಲಿ ನನ್ನದೊಂದು ಕೋರಿಕೆ. ಅದಕ್ಕೆ ಸಿಮೆಂಟ್ ಮೆತ್ತಿಸಬೇಡಿ, ನೆತ್ತಿ ಮುಚ್ಚಿಸಬೇಡಿ. ಗಾರೆ ಬಲ್ಲ ಹಿರಿಯ ಮೇಸ್ತ್ರಿಯನ್ನು ವಿಚಾರಿಸಿ ಹುಡುಕಿ. ಕರೆಯುವಾಗ ಜೊತೆಗೊಬ್ಬ ಹುಡುಗನನ್ನೂ ಕರೆತರಲು ಹೇಳಿ, ಅವನ ಕೂಲಿಯನ್ನೂ ನೀವೇ ಕೊಡಿ.