ಇಂದಿನ ಧಮ್ಮ ಚಿಂತನೆ: ಸೊಪ್ಪಿಗೆ ಗ್ರೇಡ್ ಇರಲಿ, ಮೈಬಣ್ಣಕ್ಕೆ ಬೇಡ



ರಾವಂದೂರಿನ ನಮ್ಮ ಅಧ್ಯಯನ ವೃತ್ತದಲ್ಲಿ ಪಿಯುಸಿ ಓದುವ ತಂಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. "ಮೇಡಂ, ಮೈಬಣ್ಣ ಬದಲಾಯಿಸ್ಕೊಳ್ಳೋದು ತಪ್ಪಾ? ಮೈಗೆ ಏನೂ ತೊಂದ್ರೆ ಆಗ್ದೇ ಇರೋ ಹಂಗೆ ಮಾಡ್ಕೊಂಡ್ರೆ?" ಇದರಲ್ಲಿ ಎರಡು ಪ್ರಶ್ನೆಗಳಿವೆ. ಮೈಗೆ ಹಾನಿಯಾಗುತ್ತದೆಯೇ ಎಂಬುದು ಒಂದು. ಹಾನಿಯಾಗದಿದ್ದರೆ ಅದು ಸರಿಯೇ ಎಂಬುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಮೊದಲನೆಯದಕ್ಕೆ ದೂರದ ಉದಾಹರಣೆ ತೆಗೆದುಕೊಳ್ಳುತ್ತೇನೆ. ಯುರೋಪ್, ಅಮೆರಿಕದ ಬಿಳಿಯರಲ್ಲಿ ಅನೇಕರಿಗೆ ತಮ್ಮ ಮೈ ಕಂದು ಬಣ್ಣಕ್ಕೆ ತಿರುಗಬೇಕೆಂಬ ಆಸೆ. ಅದಕ್ಕೆ ಎರಡು ದಾರಿ ಮಾಡಿಕೊಂಡಿದ್ದಾರೆ. ಒಂದು ಟ್ಯಾನಿಂಗ್ ಬೆಡ್. ಮಂಚದಂಥ ಯಂತ್ರದಲ್ಲಿ ಮಲಗಿದರೆ ಮೇಲಿನ ಮತ್ತು ಕೆಳಗಿನ ದೀಪಗಳಿಂದ ಅತಿನೇರಳೆ ಕಿರಣ ಮೈಮೇಲೆ ಬೀಳುತ್ತದೆ. ಆ ಕಿರಣದ ಹೊಡೆತಕ್ಕೆ ಚರ್ಮದ ಜೀವಕೋಶಗಳೊಳಗಿನ ಡಿಎನ್‌ಎ ಕೆಡುತ್ತದೆ. ಇನ್ನಷ್ಟು ಕೆಡದಿರಲಿ ಎಂದು ದೇಹ ಮೆಲನಿನ್ ಎಂಬ ಬಣ್ಣದ ವಸ್ತುವನ್ನು ಹೆಚ್ಚು ತಯಾರಿಸುತ್ತದೆ. ಅಂದರೆ ಅವರು ಚೆಂದ ಎಂದುಕೊಳ್ಳುವ ಆ ಕಂದು, ಏಟು ಬಿದ್ದ ಮೇಲೆ ದೇಹ ಹಿಡಿದ ಕೊಡೆ. 2009ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಯಂತ್ರಗಳನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಹೊಲಗಳಲ್ಲಿ ಬೆಳೆಯುವ ಹೊಗೆಸೊಪ್ಪಿನ ಹೊಗೆಯೂ ಅದೇ ಗುಂಪಿನಲ್ಲಿದೆ. ಸೌಂದರ್ಯಕ್ಕಾಗಿ ಈ ಯಂತ್ರ ಬಳಸುವುದನ್ನು ಬ್ರೆಜಿಲ್ ಅದೇ ವರ್ಷ ನಿಷೇಧಿಸಿತು.

ಎರಡನೆಯ ದಾರಿ ಬಿಸಿಲೂ ಬೇಡ, ದೀಪವೂ ಬೇಡ ಎನ್ನುವ ಲೋಷನ್. ಅದರಲ್ಲಿ ಡೈಹೈಡ್ರಾಕ್ಸಿಅಸಿಟೋನ್ ಎಂಬ ಸಕ್ಕರೆಯ ಜಾತಿಯ ವಸ್ತು ಇರುತ್ತದೆ. ಅದು ಚರ್ಮದ ಮೇಲ್ಪದರದ ಸತ್ತ ಕೋಶಗಳೊಂದಿಗೆ ಸೇರಿ ಕಂದು ಬಣ್ಣ ಕೊಡುತ್ತದೆ. ರೊಟ್ಟಿ ಬೇಯುವಾಗ ಕೆಂಪಗಾಗುವುದಕ್ಕೆ ಹತ್ತಿರದ ಕ್ರಿಯೆ ಅದು. ಹೆಚ್ಚುಕಡಿಮೆ ಒಂದು ವಾರದಲ್ಲಿ ಸತ್ತ ಪದರ ಉದುರುತ್ತದೆ, ಬಣ್ಣವೂ ಹೋಗುತ್ತದೆ. ಬಿಸಿಲಿನಿಂದ ಅದು ಕಾಪಾಡುವುದಿಲ್ಲ, ಆದರೆ ಯಂತ್ರದಂತೆ ಡಿಎನ್‌ಎಗೆ ಏಟನ್ನೂ ಕೊಡುವುದಿಲ್ಲ. ಈ ಎರಡರಲ್ಲಿ ಯಾವುದು ವಾಸಿ ಎಂದರೆ ಲೋಷನ್ನೇ ವಾಸಿ. ಪ್ರಾಣಹಾನಿ ಮಾಡೆನು ಎಂಬ ಮೊದಲ ಶೀಲ ಪರರ ಪ್ರಾಣಕ್ಕೆ ಮಾತ್ರ ಅಂತ ನಾನು ತಿಳಿದಿಲ್ಲ. ನಮ್ಮ ಮೈಯೂ ಜೀವ ಇರುವ ಮೈ.

ನಮ್ಮಲ್ಲಿ ಆಸೆ ತಿರುಗುಮುರುಗು. ಅವರಿಗೆ ಕಂದಾಗಬೇಕು, ನಮಗೆ ಬೆಳ್ಳಗಾಗಬೇಕು. ನಮ್ಮಲ್ಲೂ ದಾರಿ ಎರಡೇ. ಕಡಲೆಹಿಟ್ಟು, ಅರಿಶಿನ, ಪೌಡರ್ ಒಂದು ದಾರಿ. ಮೆಡಿಕಲ್ ಸ್ಟೋರಿನಿಂದ ಯಾರೋ ಹೇಳಿದರೆಂದು ತಂದು ಹಚ್ಚುವ ಸ್ಟೀರಾಯ್ಡ್ ಮುಲಾಮು ಇನ್ನೊಂದು. ಅದು ಮೊದಲ ಕೆಲವು ವಾರ ಮುಖ ತಿಳಿಯಾಗಿಸುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಬರುವುದೂ ಉಂಟು. ಬಿಟ್ಟರೆ ಮುಖ ಉರಿಯುತ್ತದೆ, ಉರಿ ತಾಳದೆ ಮತ್ತೆ ಹಚ್ಚಬೇಕಾಗುತ್ತದೆ. ಇಂಥ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಇನ್ನು ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬೆಳ್ಳಗಾಗುವ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು ವೈದ್ಯರು ಪತ್ತೆಹಚ್ಚಿದರು. ಹಾಗಾಗಿ ಆ ತಂಗಿಯ ಮೊದಲ ಪ್ರಶ್ನೆಗೆ ಉತ್ತರ ನೇರವಾಗಿದೆ. ವೈದ್ಯರು ಬರೆದುಕೊಡದ ಮುಲಾಮು, ಹೆಸರು ವಿಳಾಸವಿಲ್ಲದ ಡಬ್ಬಿ, ಇವನ್ನು ಮುಖಕ್ಕೆ ಮುಟ್ಟಿಸಬೇಡಿ.

ಈಗ ಎರಡನೆಯ ಪ್ರಶ್ನೆ. ಮೈಗೆ ಹಾನಿ ಇಲ್ಲದ್ದನ್ನೇ ಹಚ್ಚಿಕೊಂಡರೆ?

ಒಂದು ವಿಷಯ ಗಮನಿಸಿ. ಹಿಂದೆ ಯುರೋಪಿನಲ್ಲೂ ಬಿಸಿಲಿಗೆ ಕಂದಿದ ಮೈ ಎಂದರೆ ಹೊಲದ ಕೂಲಿಯವರ ಮೈ. ಉಳ್ಳವರ ಮನೆಯ ಹೆಂಗಸರು ಕೊಡೆ, ಕೈಗವಸು ಹಾಕಿ ಬೆಳ್ಳಗೇ ಉಳಿಯುತ್ತಿದ್ದರು. ಕಾರ್ಖಾನೆಗಳು ಬಂದವು, ಬಡವರು ಸೂರಿನ ಕೆಳಗೆ ದುಡಿದು ಬಿಳುಚಿಕೊಂಡರು. ಸಮುದ್ರತೀರಕ್ಕೆ ಹೋಗಿ ಬಿಸಿಲು ಕಾಯಿಸಲು ದುಡ್ಡೂ ಬಿಡುವೂ ಇದ್ದವರು ಕಂದಾದರು. 1920ರ ದಶಕದ ಹೊತ್ತಿಗೆ ಅದೇ ಕಂದು ಫ್ಯಾಷನ್ ಆಯಿತು. ಮೆಲನಿನ್ ಬದಲಾಗಲಿಲ್ಲ, ಅದಕ್ಕೆ ಬೆಲೆ ಕಟ್ಟುವವರ ಲೆಕ್ಕ ಬದಲಾಯಿತು. ಅಲ್ಲಿ ದುಡ್ಡು ಕೊಟ್ಟು ಹಚ್ಚಿಸಿಕೊಳ್ಳುವ ಬಣ್ಣವನ್ನು ನಮ್ಮ ಪಿರಿಯಾಪಟ್ಟಣದ ಹೊಲಗಳಲ್ಲಿ ಸೊಪ್ಪು ಮುರಿಯುವ ಹೆಂಗಸಿನ ಮೇಲೆ ಬಿಸಿಲು ಪುಕ್ಕಟೆ ಹಚ್ಚುತ್ತದೆ. ಆದರೆ ಅವಳಿಗೆ ಅದು ಕೂಲಿಯ ಗುರುತು. ಯಾವುದೂ ತಾನಾಗಿಯೇ ಇಲ್ಲ, ಕಾರಣಗಳಿಂದ ಹುಟ್ಟುತ್ತದೆ ಎಂದು ಬುದ್ಧ ಗುರು ಕಲಿಸಿದ್ದು ಇದನ್ನೇ. ಬಣ್ಣದ ಮೇಲು ಕೀಳು ಚರ್ಮದಲ್ಲಿಲ್ಲ.

ಪಾಲಿಯಲ್ಲಿ 'ವಣ್ಣ' ಎಂದರೆ ಮೈಬಣ್ಣವೂ ಹೌದು, ವರ್ಣವೂ ಹೌದು. ಅಗ್ಗಞ್ಞ ಸುತ್ತದಲ್ಲಿ ಭಗವಾನರು ಹೇಳುವ ಕಥೆಯಲ್ಲಿ, ಆದಿಯ ಜೀವಿಗಳಲ್ಲಿ ಕೆಲವರ ಮೈಬಣ್ಣ ಚೆಂದವಾಯಿತು, ಕೆಲವರದು ಕೆಟ್ಟಿತು. ಚೆಂದದವರು ಉಳಿದವರನ್ನು ಕೀಳಾಗಿ ಕಂಡರು. ಆ ಅಹಂಕಾರದಿಂದಲೇ ಎಲ್ಲರನ್ನೂ ಪೋಷಿಸುತ್ತಿದ್ದ ಭೂಮಿಯ ಸಾರ ಮಾಯವಾಯಿತು. ಅಸ್ಸಲಾಯನ ಸುತ್ತದಲ್ಲಿ ಬ್ರಾಹ್ಮಣರ ವಾದ ಬರುತ್ತದೆ: ತಮ್ಮದೇ ಬಿಳಿಯ ವರ್ಣ, ಮಿಕ್ಕವರದು ಕಪ್ಪು ಎಂದು. ಅದಕ್ಕೆ ಭಗವಾನರು ಕೇಳುವ ಪ್ರಶ್ನೆಗಳಲ್ಲಿ ಬೆಂಕಿಯದೂ ಒಂದು. ಮೇಲಿನವರು ಗಂಧದಂಥ ಕಟ್ಟಿಗೆ ಉಜ್ಜಿ ಹೊತ್ತಿಸಿದ ಬೆಂಕಿಗೂ, ಕೀಳೆನಿಸಿಕೊಂಡವರು ನಾಯಿಯ ಬಾನಿಯ ಮರ ಉಜ್ಜಿ ಹೊತ್ತಿಸಿದ ಬೆಂಕಿಗೂ ಜ್ವಾಲೆಯಲ್ಲಿ, ಬಣ್ಣದಲ್ಲಿ, ಬೆಳಕಿನಲ್ಲಿ ವ್ಯತ್ಯಾಸ ಇದೆಯೇ? ಆ ಯುವಕ ಇಲ್ಲವೆಂದು ಒಪ್ಪಬೇಕಾಯಿತು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ, ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಮೂಲದವರು, ಮದ್ರಾಸಿನಲ್ಲೂ ಹಾಗೆಯೇ ಎಂದು ತೋರಿಸಿದರು. ಜಾತಿ ಬಣ್ಣದಲ್ಲಿ ಬರೆದಿಲ್ಲ. ಆದರೂ ಬಣ್ಣ ನೋಡಿ ಜಾತಿ ಊಹಿಸುವ ಗಾದೆಗಳು ನಮ್ಮ ನಾಡಿನಲ್ಲಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆಲ್ಲ ಗೊತ್ತು.

ಇಲ್ಲಿ ಒಬ್ಬರು ಕೇಳಬಹುದು: "ಬಾಬಾಸಾಹೇಬರೇ ಚೆನ್ನಾಗಿ ಉಡಿ, ತೊಡಿ ಅಂದಿಲ್ವಾ?" ಅಂದಿದ್ದಾರೆ. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ನಮ್ಮ ತಾಯಂದಿರಿಗೆ, ಅಸ್ಪೃಶ್ಯರೆಂದು ತೋರಿಸುವ ಭಾರದ ಒಡವೆಗಳನ್ನು ಬಿಡಿ, ಮೇಲ್ಜಾತಿಯ ಹೆಂಗಸರಂತೆಯೇ ಸೀರೆ ಉಡಿ ಎಂದರು. ಆದರೆ ಆ ಗುರುತನ್ನು ಹೊರಗಿನವರು ಹೇರಿದ್ದರು. ಹೇರಿದ್ದನ್ನು ಕಿತ್ತೆಸೆಯುವುದು ಬಿಡುಗಡೆ. ನಮ್ಮ ಚರ್ಮವನ್ನು ಯಾರೂ ಹೇರಿಲ್ಲ. ಹೇರಿರುವುದು ಅದರ ಬಗ್ಗೆ ನಾಚಿಕೆಯನ್ನು. ಕಿತ್ತೆಸೆಯಬೇಕಾದ್ದು ಆ ನಾಚಿಕೆಯನ್ನು. ಚರ್ಮ ಬದಲಾಯಿಸಲು ಹೊರಟರೆ ನಾಚಿಕೆ ಹೇರಿದವನ ಅಳತೆಕೋಲನ್ನೇ ಒಪ್ಪಿದ ಹಾಗಾಗುತ್ತದೆ.

ಅಲಂಕಾರ ಬೇಡವೆಂದು ಗೃಹಸ್ಥರಿಗೆ ನಾನು ಹೇಳಲಾರೆ. ಹೂ ಮುಡಿಯುವ, ಪೌಡರ್ ಹಾಕುವ ಸಂತೋಷ ಬೇರೆ. ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಅದನ್ನು ಹಚ್ಚದೆ ಹೊರಗೆ ಹೋಗಲು ಭಯವಾಗುತ್ತದೆಯೇ? ಭಯವಿಲ್ಲದಿದ್ದರೆ ಅದು ಅಲಂಕಾರ. ಭಯವಾದರೆ ಅಲ್ಲಿ ದುಃಖ ಇದೆ, ಕ್ರೀಮು ಅದನ್ನು ಮುಚ್ಚುತ್ತಿದೆ ಅಷ್ಟೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ಟ್ಯೂಬಿನ ಮೇಲಿನ ಪದ ಹೋದ ಮಾತ್ರಕ್ಕೆ ಮನಸ್ಸಿನಿಂದ ಹೋಗುವುದಿಲ್ಲ.

ಆ ದುಃಖಕ್ಕೆ ಆ ಹುಡುಗಿಯನ್ನು ಬೈಯುವುದು ಅನ್ಯಾಯ. ಅದನ್ನು ಬಿತ್ತುವವರಲ್ಲಿ ನಮ್ಮ ಮನೆಯವರೂ ಇದ್ದಾರೆ. "ಬಿಸ್ಲಲ್ಲಿ ಓಡಾಡ್ಬೇಡ ಕಣವ್ವ, ಕಪ್ಪಗಾಯ್ತೀಯ" ಎನ್ನುವುದು ಅಜ್ಜಿ. ಗೋಡೆಗೆ ಬುದ್ಧ, ಬಾಬಾಸಾಹೇಬರ ಫೋಟೋ ಹಾಕಿದ ಮನೆಯಲ್ಲೇ ಹೆಣ್ಣು ನೋಡಲು ಹೊರಟಾಗ ಬರುವ ಮೊದಲ ಪ್ರಶ್ನೆ, "ಹುಡ್ಗಿ ಕೆಂಪಗವ್ಳಾ?" 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದೂ ಇದೆ, ಸಮಾನತೆ ಸ್ಥಾಪಿಸಲು ಶ್ರಮಿಸುವುದೂ ಇದೆ. ಆ ಪ್ರತಿಜ್ಞೆ ತೆಗೆದುಕೊಂಡ ನಾಲಿಗೆಯಿಂದ ಈ ಪ್ರಶ್ನೆ ಬರಬಾರದು. ಬಂದರೆ, ನಮ್ಮನ್ನು ಅಳೆದವರ ಕೋಲಿನಿಂದ ನಾವೇ ನಮ್ಮ ಮಕ್ಕಳನ್ನು ಅಳೆದಂತಾಯಿತು.

ನಮ್ಮೂರವರಿಗೆ ಗ್ರೇಡ್ ಎಂದರೆ ಚೆನ್ನಾಗಿ ಗೊತ್ತು. ಬ್ಯಾರನ್ನಿನಲ್ಲಿ ಬೇಯಿಸಿದ ಹೊಗೆಸೊಪ್ಪು ಹಸಿರು ಕಳೆದು ಹಳದಿಯಾಗುತ್ತದೆ. ಹರಾಜಿನಲ್ಲಿ ತಿಳಿ ಹಳದಿಗೆ ಒಳ್ಳೆಯ ಬೆಲೆ, ಕಪ್ಪಾದದ್ದಕ್ಕೆ ಕಡಿಮೆ. ಸೊಪ್ಪನ್ನು ಮಾರಲು ಬೆಳೆದಿದ್ದೇವೆ, ಆದ್ದರಿಂದ ಅದಕ್ಕೆ ಗ್ರೇಡ್ ಇರಲಿ. ಮಕ್ಕಳನ್ನು ಮಾರಲು ಬೆಳೆಸಿಲ್ಲ.

ಹಾಗಾದರೆ ಆ ತಂಗಿಗೆ ನನ್ನ ಉತ್ತರ ಇಷ್ಟು. ಹಾನಿ ಮಾಡುವುದನ್ನು ಇವತ್ತೇ ಬಿಡು. ಹಾನಿ ಮಾಡದ್ದನ್ನು ಹಚ್ಚುವುದು ಬಿಡುವುದು ನಿನ್ನಿಷ್ಟ, ಅದಕ್ಕೆ ಪಾಪ ಅಂಟುವುದಿಲ್ಲ. ಆದರೆ ಹಚ್ಚುವ ಮೊದಲು ಕೇಳಿಕೋ, ಇದು ಯಾರ ಕಣ್ಣಿಗಾಗಿ ಎಂದು. ಉತ್ತರ ಸಿಗುವವರೆಗೂ ನಿನ್ನ ಮೈಯನ್ನು ಶತ್ರು ಎಂದುಕೊಳ್ಳಬೇಡ. ನಿನ್ನ ಮೆಲನಿನ್ ಬಿಸಿಲಿನಲ್ಲಿ ನಿನ್ನನ್ನು ಕಾಯುತ್ತಿದೆ, ನಿನ್ನ ಅವ್ವನನ್ನೂ ಕಾದಿದೆ.

ಇಂದಿನ ಅಭ್ಯಾಸ: ಇವತ್ತು ಒಂದು ದಿನ ಯಾರ ಬಣ್ಣದ ಬಗ್ಗೆಯೂ ಮಾತಾಡಬೇಡಿ. ಹೊಗಳುವುದಕ್ಕೂ ಬೇಡ, ತಮಾಷೆಗೂ ಬೇಡ. ಮನೆಯಲ್ಲಿ ಯಾರಾದರೂ ಆಡಿದರೆ ಜಗಳವಾಡದೆ, "ಅದು ಬೇಡ ಬುಡಿ" ಎನ್ನಿ. ಮದುವೆ ಮಾತುಕತೆ ನಡೆಯುತ್ತಿರುವ ಮನೆಯವರು ಬಣ್ಣದ ಪ್ರಶ್ನೆಯನ್ನು ಪಟ್ಟಿಯಿಂದ ತೆಗೆದುಹಾಕಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.