ಹೊಳೆಗೂ ಒಂದು ಪಾಲು

"ಹೊಳಿ ನೀರು ಸುಮ್ಮನ ಹರಿದು ಹೊಂಟೈತಿ" ಎಂದು ನಮ್ಮ ಕಡೆಯ ಹಿರಿಯರು ಮಳೆಗಾಲದಲ್ಲಿ ಪೇಚಾಡುವುದುಂಟು. ಗೋಕಾಕ, ಮೂಡಲಗಿ, ಹುಕ್ಕೇರಿಯ ಬಿಸಿಲು ಕಂಡವರಿಗೆ ಆ ಸಂಕಟ ಅರ್ಥವಾಗುತ್ತದೆ. ಸಹ್ಯಾದ್ರಿಯ ಆಂಬೋಲಿಯಲ್ಲಿ ಮಳೆ ಜಡಿಯುತ್ತಿರುವಾಗ ಗೋಕಾಕದ ಎರೆಹೊಲ ಮೋಡದ ದಾರಿ ಕಾಯುತ್ತಿರುತ್ತದೆ. ಕೊಡ ಹೊತ್ತು ಸೊಂಟ ಸವೆಸಿದ ಹೆಣ್ಣುಮಕ್ಕಳಿಗಂತೂ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಆ "ಸುಮ್ಮನ" ಎಂಬ ಮಾತು ನನ್ನನ್ನು ಕಾಡುತ್ತದೆ. ಹೊಳೆಯಲ್ಲೇ ಉಳಿದ ನೀರು ನಿಜವಾಗಿಯೂ ವ್ಯರ್ಥವೇ?

ಘಟಪ್ರಭೆಗೆ ನಾವು ಹಚ್ಚಿದ ಕೆಲಸ ಒಂದೆರಡಲ್ಲ. 19ನೆಯ ಶತಮಾನ ಮುಗಿಯುವ ಮುನ್ನವೇ ಧೂಪದಾಳದಲ್ಲಿ ಒಡ್ಡು ಕಟ್ಟಿ ಅವಳನ್ನು ಕಾಲುವೆಗೆ ತಿರುಗಿಸಿದರು. ಸುಮಾರು 170 ಅಡಿ ಧುಮುಕುವ ಗೋಕಾಕ ಜಲಪಾತದ ಬಲದಿಂದ ನೂಲಿನ ಗಿರಣಿ ನಡೆಯಿತು. ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ಅಣೆಕಟ್ಟು ಎದ್ದಿತು. ಕಾಲುವೆ ಬಂದ ಊರುಗಳಲ್ಲಿ ಕಬ್ಬು, ಗೋವಿನಜೋಳ ಬೆಳೆದವು. ಎಷ್ಟೋ ಮನೆಗಳ ಒಲೆ ಎರಡು ಹೊತ್ತೂ ಉರಿಯಿತು. ಇದನ್ನು ಮರೆತರೆ ಕೃತಘ್ನತೆಯಾದೀತು. ಆದರೆ ಬೇಸಿಗೆಯಲ್ಲಿ ಜಲಪಾತದೆದುರು ನಿಂತರೆ ಕಾಣುವುದು ಬರಿಯ ಬಂಡೆ.

ಮೊಸರಿನ ಗಡಿಗೆಯಲ್ಲಿ ಹೆಪ್ಪಿಗೆಂದು ಒಂದು ಚಮಚ ಉಳಿಸುತ್ತೇವಲ್ಲ, ಅದನ್ನು ಯಾರಾದರೂ ವ್ಯರ್ಥ ಎನ್ನುತ್ತಾರೆಯೇ? ಹೊಳೆಯಲ್ಲಿ ಉಳಿದ ನೀರೂ ಹಾಗೆಯೇ. ದಂಡೆಯ ಬಾವಿಗಳಿಗೆ ಅದು ಒಸರು ಕೊಡುತ್ತದೆ, ಮೀನು ಸಾಕುತ್ತದೆ, ಊರಿನ ಹೊಲಸನ್ನು ತಿಳಿಯಾಗಿಸುತ್ತದೆ. ಹರಿವು ಬತ್ತಿದರೆ ಉಳಿಯುವುದು ನಮ್ಮ ಗಟಾರದ ನೀರೇ. ಮರಳು ತೋಡಿದರೆ ನೀರು ಹಿಡಿದಿಡುವ ಹಾಸಿಗೆಯೂ ಹೋಯಿತು. ಇತ್ತ ಹೊಲಕ್ಕೆ ಅತಿಯಾಗಿ ಹಾಯಿಸಿದ ನೀರು ಸವಳು-ಜವಳು ತರುತ್ತದೆ. ಹೊಳೆಗೆ ಕಡಿಮೆ ಮಾಡಿ ಹೊಲವನ್ನೂ ಕೆಡಿಸಿಕೊಂಡಂತಾಯಿತು!

ಆದರೆ ಹೆಪ್ಪಿನ ಮಾತು ನಮ್ಮ ಲಾಭದ ಮಾತು. ನಮಗೆ ಲಾಭವಿಲ್ಲದಿದ್ದರೂ ಹೊಳೆಗೆ ಅವಳ ಪಾಲು ಸಲ್ಲಬೇಕೇ? ನಿಜವಾದ ಪ್ರಶ್ನೆ ಇದು.

ಮನೆಯ ಹಿಸೆಯಾಗುವಾಗ ಅಣ್ಣತಮ್ಮಂದಿರು ಹೊಲ, ಮನೆ, ಎತ್ತು, ಪಾತ್ರೆ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಕೊನೆಗೆ ಅವ್ವನನ್ನು ತಿಂಗಳಿಗೊಬ್ಬರಂತೆ ಇಟ್ಟುಕೊಳ್ಳುವುದೆಂದು ಮಾತಾಗುತ್ತದೆ. ಅವಳ ಹೆಸರಿಗೆ ಏನೂ ಇಲ್ಲ. ಕೃಷ್ಣಾ ಕಣಿವೆಯ ಹಿಸೆಯೂ ಹೀಗೇ ಆಯಿತು. ಬಚಾವತ್ ನ್ಯಾಯಮಂಡಳಿ 1976ರ ಅಂತಿಮ ತೀರ್ಪಿನಲ್ಲಿ 2060 ಟಿಎಂಸಿ ನೀರನ್ನು ಮೂರು ರಾಜ್ಯಗಳಿಗೆ ಹಂಚಿತು. ಹೊಳೆಗೆಂದು ಬೇರೆ ಪಾಲು ತೆಗೆದಿಡಲಿಲ್ಲ. 2010ರಲ್ಲಿ ಎರಡನೆಯ ನ್ಯಾಯಮಂಡಳಿ ನದಿಯ ಕನಿಷ್ಠ ಹರಿವಿಗೂ ಒಂದಿಷ್ಟು ಎತ್ತಿಟ್ಟಿತು. ತಾಯಿಯೂ ಪಾಲುದಾರಳೆಂದು ಒಪ್ಪಿಕೊಳ್ಳಲು ಅಷ್ಟು ವರ್ಷ ಬೇಕಾದವು.

ನದಿಯನ್ನು ತಾಯಿ ಎಂದು ಕರೆದು ಬಾಗಿನ ಕೊಟ್ಟರೆ ಸಾಕೆಂದುಕೊಂಡಿದ್ದೇವೆ. ತಾಯಿ ಎನಿಸಿಕೊಂಡವಳಿಂದ ಎಷ್ಟು ಬೇಕಾದರೂ ಕೇಳಬಹುದು, ಅವಳು ಉಳಿದದ್ದನ್ನು ಉಂಡುಕೊಳ್ಳಲಿ ಎಂಬುದು ಮನೆಯೊಳಗಿನ ಹಳೆಯ ರೂಢಿ. ಅದನ್ನೇ ಹೊಳೆಯ ದಂಡೆಗೂ ಒಯ್ದಿದ್ದೇವೆ. ಪಾಲು ಬೇರೆ, ಪೂಜೆ ಬೇರೆ.

ಹೊಳೆಯ ಪಾಲೆಂದರೆ ನೀರಷ್ಟೇ ಅಲ್ಲ, ಅವಳ ಅಗಲವೂ ಹೌದು. 2019ರ ಆಗಸ್ಟ್‌ನಲ್ಲಿ ಹಿರಣ್ಯಕೇಶಿ, ಮಾರ್ಕಂಡೇಯ, ಘಟಪ್ರಭೆ ಒಟ್ಟಿಗೆ ಉಕ್ಕಿ ಗೋಕಾಕದ ಮನೆಗಳಿಗೆ ನುಗ್ಗಿದವು. ಹೊಳೆ ಮುನಿದಳು ಎಂದರು. ಹೊಳೆಗೆ ಮುನಿಸಿಲ್ಲ, ತುಂಬಿ ಬಂದಾಗ ಅವಳಿಗೆ ಜಾಗ ಬೇಕು.

ಪಾಲು ಕೊಡುವುದೆಂದರೆ ಯಾರದೋ ಕೈಯಿಂದ ಬಿಡಿಸಬೇಕು. ಕಾಲುವೆಯ ತುದಿಯಲ್ಲಿ ಕಾದು ಕೂತ ಸಣ್ಣ ರೈತನ ತುತ್ತು ಕಸಿದು ಹೊಳೆಗೆ ಕೊಟ್ಟರೆ ಅದು ನ್ಯಾಯವಲ್ಲ. ಮೊದಲು ಬಿಡಬೇಕಾದವರು ಕಬ್ಬಿಗೆ ಲೆಕ್ಕವಿಲ್ಲದೆ ನೀರು ಕಟ್ಟುವವರು, ಹೊಲಸನ್ನು ಹಾಗೇ ಹೊಳೆಗೆ ಬಿಡುವ ಕಾರಖಾನೆಗಳು, ಮತ್ತು ನಲ್ಲಿಯಲ್ಲಿ ಅವಳ ನೀರು ಪಡೆದು ಗಟಾರದಲ್ಲಿ ಹಿಂದಿರುಗಿಸುವ ನಾವು, ಪೇಟೆಯವರು.