ಮಂದೆಯ ಹಿಂದೆ ನಡೆಯುವ ಗುರು

ಮಹಾರಾಷ್ಟ್ರದ ಮರಾಠವಾಡದಲ್ಲಿ ಕುರಿಗಾಹಿ ಬರೀ ಬೈಬಲ್ಲಿನ ಚಿತ್ರವಲ್ಲ. ಕುರಿ ಸಾಕುವ ಧನಗರರು ಇಂದಿಗೂ ಮೇವು ಹುಡುಕಿ ಮಂದೆಯೊಡನೆ ಅಲೆಯುತ್ತಾರೆ, ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ಕುರಿ ತರುಬುತ್ತಾರೆ. 1977ರಲ್ಲಿ ರಚನೆಯಾದ ಇಲ್ಲಿನ ಔರಂಗಾಬಾದ್ ಧರ್ಮಪ್ರಾಂತ್ಯದ ಗುರುಗಳಿಗೆ ಒಳ್ಳೆಯ ಕುರಿಗಾಹಿಯ ಮಾತಿರುವ ಯೊವಾನ್ನರ ಶುಭಸಂದೇಶದ 10ನೇ ಅಧ್ಯಾಯ ವಿವರಿಸಲು ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ?

ಆದರೆ ಈ ನಿದರ್ಶನಕ್ಕೂ ಮಿತಿಯಿದೆ: ಕುರಿಗಳು ಸುಮ್ಮನೆ ಹಿಂಬಾಲಿಸುತ್ತವೆ, ಭಕ್ತರು ಪ್ರಶ್ನೆ ಕೇಳುವವರು.

ಧರ್ಮಾಧ್ಯಕ್ಷರು ಕೆಲವೊಮ್ಮೆ ಜನರ ಮುಂದೆ, ಕೆಲವೊಮ್ಮೆ ನಡುವೆ, ಕೆಲವೊಮ್ಮೆ ಹಿಂದೆ ನಡೆಯಬೇಕೆಂದು ಪೋಪ್ ಫ್ರಾನ್ಸಿಸ್ 2013ರಲ್ಲಿ ಬರೆದರು. ಹೊಸ ದಾರಿ ಕಾಣುವ ಶಕ್ತಿ ಮಂದೆಗೂ ಇದೆ ಎಂಬುದು ಅವರ ಕಾರಣ. ಮೂರರಲ್ಲಿ ಕೊನೆಯದೇ ಕಷ್ಟದ್ದು, ಇಂದು ಹೆಚ್ಚು ಬೇಕಾದದ್ದೂ ಅದೇ.

ಹಿಂದೆ ನಡೆಯುವುದೆಂದರೆ ಹಿಂದೆ ಉಳಿದವರನ್ನು ಹುಡುಕುವುದೂ ಹೌದು. ಧರ್ಮಕೇಂದ್ರದ ಗುರು ಮನೆಮನೆಗೆ ಹೋಗಬೇಕು, ಬಡವರನ್ನೂ ನಾಡು ತೊರೆದವರನ್ನೂ ಹುಡುಕಬೇಕು ಎನ್ನುತ್ತದೆ 1983ರ ಧರ್ಮಸಭೆಯ ಕಾನೂನಿನ 529ನೇ ವಿಧಿ. ಮರಾಠವಾಡದ ಸಂಸಾರಗಳು ಕಬ್ಬು ಕಡಿಯಲು ಕರ್ನಾಟಕದವರೆಗೂ ಗುಳೆ ಬರುತ್ತವೆ. ಬೆಳಗಾವಿ ಕಡೆಯ ಧರ್ಮಕೇಂದ್ರಗಳು ಹೊಲದಂಚಿನ ಆ ಗುಡಿಸಲುಗಳನ್ನೂ ತಮ್ಮವೆಂದೇ ಎಣಿಸಬೇಕು.